ದಳವಾಯಿಯ ಮೀಸೆ

ತುಕ್ರಪ್ಪನ ಮುಖವನ್ನು ಮೊತ್ತಮೊದಲು ಸರಿಯಾಗಿ ನೋಡಿದವರು ಡ್ರಾಯಿಂಗ್ ಮಾಸ್ತರರಾದ ಲೋಕನಾಥರು. ಅದಕ್ಕಿಂತ ಮೊದಲು ಅವನಿಗೊಂದು ಮುಖವಿದೆಯೆಂದು ಯಾರೂ ಅಷ್ಟಾಗಿ ಎಣಿಸಿದ್ದಿಲ್ಲ. ಅವನ ಎತ್ತುಗಳನ್ನಾದರೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಎಲ್ಲ ಅಂಗಡಿಯವರೂ ಬಲ್ಲರು. ಎಡಗಡೆಯದು ಕಪ್ಪು; ಬಲಗಡೆಯದಕ್ಕೆ ಒಂದು ಕೋಡು ಕೆಳಗೆ ಬಾಗಿತ್ತು. ದೂರದಲ್ಲಿ ಆ ಕೋಡು ಕಂಡರೆ ಸಾಕು, ‘ಉಪ್ಪು ಬಂತು’ ಎನ್ನುತ್ತಿದ್ದರು. ಗಾಡಿ ಹೊಡೆಯುವವನನ್ನು ತಲೆಯೆತ್ತಿ ನೋಡುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಬೆಳ್ತಂಗಡಿಯ ಹತ್ತಿರದ ಲಾಯಿಲದಿಂದ ಒಳಗೆ, ಜಮೀನುದಾರರ ದೊಡ್ಡಮನೆಯಾದ ಪಾದೆಬೈಲುಗುತ್ತಿನ ಗದ್ದೆಯ ಬದಿಯಲ್ಲಿ ಅವನ ಹುಲ್ಲಿನ ಮನೆ. ತಂದೆ ಚನಿಯಪ್ಪ ಜ್ವರದಲ್ಲಿ ತೀರಿಹೋದಾಗ ತುಕ್ರಪ್ಪನಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ತಾಯಿ ಅಕ್ಕು ಗುತ್ತಿನ ಗದ್ದೆಯಲ್ಲಿ ನೇಜಿ ನೆಟ್ಟು, ಗುತ್ತಿನ ಕೊಟ್ಟಿಗೆಯಲ್ಲಿ ಅಕ್ಕಿ ಕುಟ್ಟಿ ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಅವನೂ ಅದೇ ಗದ್ದೆಯನ್ನು ಚಾಲಗೇಣಿಗೆ ಮಾಡಿಕೊಂಡಿದ್ದನು. ಚಾಲಗೇಣಿಯೆಂದರೆ ಧಣಿಗಳು ಏಳು ಎಂದ ದಿನ ಪಾತ್ರೆ ಪಗಡಿ ಕಟ್ಟಿಕೊಂಡು ಏಳಬೇಕಾದ ಒಕ್ಕಲುತನ. ಗದ್ದೆಯ ಕೆಲಸ ಮುಗಿದ ಮೇಲೆ ಅವನು ಗಾಡಿ ಕಟ್ಟಿ ಬಂಟ್ವಾಳದ ಪೇಟೆಯಿಂದ ಉಪ್ಪು, ಒಣಮೀನು, ಹಂಚು ಹೇರಿಕೊಂಡು ಬರುತ್ತಿದ್ದನು.

ಗುತ್ತಿನ ಯಜಮಾನರು ಶೀನಪ್ಪ ರೈಗಳು. ಕೆಟ್ಟವರಲ್ಲ, ಒಕ್ಕಲುಗಳ ಮದುವೆಗೆ ಅಕ್ಕಿ ಕಳುಹಿಸುವವರು, ಕಾಯಿಲೆಗೆ ಔಷಧ ಕೊಡಿಸುವವರು. ಆದರೆ ಅವರು ಜಗಲಿಯಲ್ಲಿ ಕುಳಿತಿರುವಾಗ ಒಕ್ಕಲುಗಳು ತಲೆಯ ಮುಂಡಾಸನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು, ತಲೆ ತಗ್ಗಿಸಿ, ಅಂಗಳದಲ್ಲಿ ನಿಲ್ಲಬೇಕು. ಧಣಿಗಳ ದೃಷ್ಟಿ ಆ ತಲೆಗಳ ಮೇಲಿಂದ ಹಾದು ನೇರವಾಗಿ ಗದ್ದೆಯ ಕಡೆಗೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಆ ಅಂಗಳದಲ್ಲಿ ನಿಂತ ತುಕ್ರಪ್ಪನ ನೆತ್ತಿಯನ್ನು ಅವರು ಬಲ್ಲರು, ಮುಖವನ್ನಲ್ಲ.

ಜಿಲ್ಲೆಯು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಊರೂರಲ್ಲಿಯೂ ಹಳೆಯ ವೀರರನ್ನು ಹುಡುಕುವ ಹುರುಪು ಹುಟ್ಟಿತು. ಶೀನಪ್ಪ ರೈಗಳು ಬೆಳ್ತಂಗಡಿಯ ಬಳಿ ನಡೆಸುತ್ತಿದ್ದ ಶಾಲೆಗೆ ಹೊಸದೊಂದು ಸಭಾಭವನ ಏಳುತ್ತಿತ್ತು. ಅದರ ಗೋಡೆಗೆ ತಮ್ಮ ಮನೆತನದ ದುಗ್ಗಣ್ಣ ದಳವಾಯಿಯ ಚಿತ್ರ ಬೇಕೆಂದು ಅವರಿಗೆ ಮನಸ್ಸಾಯಿತು. ಇನ್ನೂರು ವರ್ಷಗಳ ಹಿಂದೆ ಆ ಸೀಮೆಯ ಅರಸನಿಗೆ ದಳವಾಯಿಯಾಗಿದ್ದು, ಚಾರ್ಮಾಡಿಯ ಘಟ್ಟ ಇಳಿದು ಬಂದ ದಂಡನ್ನು ಬೆರಳೆಣಿಕೆಯ ಆಳುಗಳನ್ನು ಕಟ್ಟಿಕೊಂಡು ತಡೆದವನಂತೆ ಅವನು. ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಅವನ ಕತ್ತಿಯಿತ್ತು. ಅವನು ಹೇಗಿದ್ದನೆಂದು ಹೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಚಿತ್ರದ ಕೆಲಸ ಲೋಕನಾಥ ಮಾಸ್ತರರ ಪಾಲಿಗೆ ಬಂತು. ಮಾಸ್ತರರು ಹೂವು, ಹಣ್ಣು, ತೆಂಗಿನ ಮರ, ದೇವರು ಇವನ್ನೆಲ್ಲ ಸೊಗಸಾಗಿ ಬರೆಯುತ್ತಿದ್ದರು. ಆದರೆ ಯಾರ ಮುಖ ಬರೆದರೂ ಅದು ಕ್ಯಾಲೆಂಡರಿನ ಬಾಲಕೃಷ್ಣನ ಹಾಗೆ ಕೆನ್ನೆ ಉಬ್ಬಿಸಿಕೊಂಡು ಮುಗುಳ್ನಗುತ್ತಿತ್ತು. ಮೊದಲ ಚಿತ್ರವನ್ನು ನೋಡಿ ರೈಗಳು ಕೇಳಿದರು.

“ಮಾಸ್ತರೇ, ಇವರು ಹೊರಟದ್ದು ಯುದ್ಧಕ್ಕಾ, ಮಾವನ ಮನೆಗಾ?”

ಎರಡನೆಯದನ್ನು ನೋಡಿ, “ಮೀಸೆ ಬೆಳೆದದ್ದಲ್ಲ ಇದು, ಅಂಟಿಸಿದ್ದು” ಎಂದರು. ಮಾಸ್ತರರಿಗೆ ಊಟ ರುಚಿಸದಾಯಿತು. ಶಾಲೆಯ ಯಜಮಾನರೇ ಮೆಚ್ಚದ ಮೇಲೆ ಕೆಲಸದ ಗತಿಯೇನು ಎಂಬ ಚಿಂತೆ. ಮನೆಯಲ್ಲಿ ಮೂರು ಮಕ್ಕಳು, ಕಾಲು ಬಾರದ ತಂದೆ.

ಅಂತಹ ಒಂದು ದಿನ ತುಕ್ರಪ್ಪ ಭವನದ ಮಾಡಿಗೆ ಹಂಚು ತಂದನು. ಅವನು ಹಂಚಿಳಿಸಿ, ಬೆವರು ಒರೆಸಿಕೊಂಡು, ಬಿಸಿಲಿಗೆ ಮುಖವೆತ್ತಿದ ಹೊತ್ತಿಗೆ ಮಾಸ್ತರರು ಹೊರಗೆ ಬಂದರು. ಅಗಲವಾದ ಹಣೆ, ಬಡಗಿ ಕೆತ್ತಿದಂತಹ ಮೂಗು, ಹದಿನಾರನೆಯ ವಯಸ್ಸಿನಿಂದ ಕತ್ತರಿ ಕಾಣದೆ ಬಾಯಿಯನ್ನೇ ಮುಚ್ಚಿ ಎರಡೂ ಕಡೆ ಇಳಿದ ಗಿರಿಜಾ ಮೀಸೆ. ಮಾಸ್ತರರು ನಿಂತಲ್ಲಿಯೇ ನಿಂತರು.

“ತುಕ್ರಪ್ಪಾ, ಸ್ವಲ್ಪ ಒಳಗೆ ಬಂದು ಆ ಕಿಟಕಿಯ ಹತ್ರ ನಿಲ್ಲು ಮಾರಾಯ.”

“ಎಂತಕ್ಕೆ ಮಾಸ್ತರೇ? ಕಿಟಕಿ ಬೀಳ್ತದಾ?”

“ಕಿಟಕಿ ಅಲ್ಲ. ನಿನ್ನ ಮುಖ ಬೇಕು.”

“ಮುಖ ನಿಮಗೆ ಕೊಟ್ರೆ ನಾನು ಎಂತ ಹಿಡ್ಕೊಂಡು ಮನೆಗೆ ಹೋಗುದು?”

ನಗುನಗುತ್ತಲೇ ಅವನು ನಿಂತನು. ಮಾಸ್ತರರು ಅವಲಕ್ಕಿ, ಬೆಲ್ಲ, ಬೀಡಿ ಎಲ್ಲ ತರಿಸಿಕೊಟ್ಟರು. ಕಿಟಕಿಯ ಪರದೆಯನ್ನು ಹೆಗಲಿಗೆ ಹೊದಿಸಿ, ಕತ್ತಿಯ ಬದಲಿಗೆ ತೆಂಗಿನ ಗರಿಯ ದಿಂಡೊಂದನ್ನು ಕೈಗಿತ್ತು, “ಕೋಪ ಮಾಡು” ಎಂದರು.

“ಯಾರ ಮೇಲೆ?”

“ಯಾರ ಮೇಲಾದ್ರೂ.”

“ಅವಲಕ್ಕಿ ತಿನ್ಸಿ ಕೋಪ ಮಾಡು ಅಂದ್ರೆ ಎಲ್ಲಿಂದ ಬರ್ತದೆ ಮಾಸ್ತರೇ?”

ಮಾಸ್ತರರು ಒಂದಿಷ್ಟು ಯೋಚಿಸಿ, “ಆಚೆ ನಿನ್ನ ಎತ್ತಿಗೆ ಯಾರೋ ಕಲ್ಲು ಹೊಡೆದ ಹಾಗೆ ಕಾಣ್ತದೆ” ಎಂದರು. ತುಕ್ರಪ್ಪ ತಟ್ಟನೆ ತಿರುಗಿದನು. ಮಾಸ್ತರರಿಗೆ ಬೇಕಾದದ್ದು ಆ ತಿರುಗಿದ ಮುಖದಲ್ಲಿತ್ತು.

ಚಿತ್ರ ಮುಗಿದು ಗುತ್ತಿನ ಚಾವಡಿಗೆ ಹೋಯಿತು. ರೈಗಳು ಅದರ ಮುಂದೆ ಬಂದು ನಿಂತರು. ಆಮೇಲೆ ಹೆಗಲ ಮೇಲಿನ ಶಾಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಆ ಮುಖಕ್ಕೆ ಕೈ ಮುಗಿದರು.

“ಮಾಸ್ತರೇ, ಈ ಮುಖ ನಿಮಗೆ ಎಲ್ಲಿ ಸಿಕ್ಕಿದ್ದು?”

ಇದ್ದದ್ದನ್ನು ಹೇಳಿಬಿಡಬೇಕಾಗಿತ್ತು. ಆದರೆ ಸೊಂಟಕ್ಕೆ ಶಾಲು ಸುತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಯಜಮಾನರಿಗೆ, ‘ನಿಮ್ಮ ಒಕ್ಕಲಿನದ್ದು’ ಎಂದು ಹೇಳುವುದು ಹೇಗೆ? ಮಾಸ್ತರರ ಬಾಯಿಂದ, “ಬೆಳಗಿನ ಜಾವ ಕನಸಿನಲ್ಲಿ ಕಂಡದ್ದು” ಎಂಬ ಮಾತು ಬಂದುಹೋಯಿತು.

ಅಷ್ಟು ಸಾಕಾಯಿತು. ಚಿತ್ರಕ್ಕೆ ಗಂಧದ ಮಾಲೆ ಬಿತ್ತು. ದೀಪಾವಳಿಯ ಸಮಯದಲ್ಲಿ ಗುತ್ತಿನಲ್ಲಿ ಅಗೆಲು ಹಾಕುವ ಕ್ರಮವುಂಟು. ತೀರಿಹೋದ ಹಿರಿಯರಿಗೆ ಎಲೆಯಲ್ಲಿ ಅನ್ನ, ಕೋಳಿಯ ಪದಾರ್ಥ ಬಡಿಸಿ ಕೈ ಮುಗಿಯುವುದು. ಆ ವರ್ಷದಿಂದ ಒಂದು ದೊಡ್ಡ ಎಲೆ ಚಿತ್ರದ ಮುಂದೆ ಬಿತ್ತು. ಸಭಾಭವನಕ್ಕೆ ಮಾಸ್ತರರು ಅದರ ಪ್ರತಿಯೊಂದನ್ನು ಬರೆದರು. ರೈಗಳ ಅಳಿಯ ಮೂಡುಬಿದಿರೆಯಲ್ಲಿ ಬೀಡಿ ವ್ಯಾಪಾರ ಸುರುಮಾಡಿ ‘ದಳವಾಯಿ ಬೀಡಿ’ ಎಂದು ಹೆಸರಿಟ್ಟನು. ಕಟ್ಟಿನ ಲೇಬಲಿಗೆ ಅದೇ ಮುಖ. ಬಂಟ್ವಾಳದ ಪೇಟೆಯಲ್ಲಿ ಆ ಬೀಡಿಗೆ ಒಂದು ತಗಡಿನ ಬೋರ್ಡು ಎದ್ದಿತು. ಹೀಗೆ ತುಕ್ರಪ್ಪನ ಗಾಡಿ ಎಲ್ಲೆಲ್ಲಿ ಹೋಗುತ್ತಿತ್ತೋ ಅಲ್ಲೆಲ್ಲ ಅವನಿಗಿಂತ ಮೊದಲು ಅವನ ಮುಖ ಹೋಗಿ ಕುಳಿತಿತ್ತು.

ಮೊದಮೊದಲು ಅದೊಂದು ತಮಾಷೆ. ಬಂಟ್ವಾಳದಲ್ಲಿ ಒಣಮೀನು ಮಾರುವ ಐಸಮ್ಮ ಬೋರ್ಡನ್ನೂ ಅವನನ್ನೂ ನೋಡಿ ಕೂಗಿದಳು.

“ಓಯ್ ದಳವಾಯೀ, ಬೋರ್ಡಿನಿಂದ ಇಳಿದು ಬಂದು ಮೂಟೆ ಹೊರ್ಲಿಕ್ಕೆ ನಿನಗೆ ನಾಚಿಕೆ ಆಗುದಿಲ್ಲವಾ?”

“ಬೋರ್ಡಿನಲ್ಲಿ ಕೂತ್ರೆ ಎತ್ತಿಗೆ ಹುಲ್ಲು ನೀವು ಹಾಕ್ತೀರಾ ಐಸಮ್ಮಾ?” ಎಂದು ಅವನೂ ನಕ್ಕನು. ಯಾರೊಡನೆಯೂ ಹೇಳಬಾರದೆಂದು ಮಾಸ್ತರರು ಕೈ ಹಿಡಿದು ಕೇಳಿಕೊಂಡಿದ್ದರು. ಪಾಪ, ಹೇಳಿ ತನಗೇನು ಸಿಗಬೇಕು ಎಂದು ಅವನು ಸುಮ್ಮನಿದ್ದನು.

ಹೋಲಿಕೆ ಎಲ್ಲರ ಕಣ್ಣಿಗೂ ಬಿದ್ದ ಮೇಲೆ ಊರು ತನ್ನದೇ ಲೆಕ್ಕ ಹಾಕಿತು. ದಳವಾಯಿ ಕನಸಿನಲ್ಲಿ ಬಂದು ತೋರಿಸಿದ ಮುಖ. ಅದು ಗುತ್ತಿನ ರಕ್ತದ ಮುಖವೇ ಸರಿ. ಅದೇ ಮುಖ ಒಕ್ಕಲಿನ ಹೆಗಲ ಮೇಲೆ ಹೇಗೆ ಬಂತು? ಅಕ್ಕು ಮಗ ಹುಟ್ಟುವ ಮೊದಲೂ ಗುತ್ತಿನ ಕೊಟ್ಟಿಗೆಯಲ್ಲಿ ಅಕ್ಕಿ ಕುಟ್ಟುತ್ತಿದ್ದಳಲ್ಲ. ಆಗ ಯಜಮಾನಿಕೆ ಶೀನಪ್ಪ ರೈಗಳ ಸೋದರಮಾವನದ್ದಲ್ಲವೇ? ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ತುಕ್ರಪ್ಪನಿಗೆ ಇದು ಗೊತ್ತಾದದ್ದು ಹೆಂಡತಿ ಲೋಲಾಕ್ಷಿಯ ಬಾಯಿಂದ. ಬಾವಿಕಟ್ಟೆಯಿಂದ ಕೊಡ ತಂದು ದಡ್ಡನೆ ಇಳಿಸಿದಳು.

“ನಾನು ಇನ್ನು ಆ ಬಾವಿಗೆ ಹೋಗುದಿಲ್ಲ. ‘ನಿಮಗೇನು ಮಾರಾಯ್ತಿ, ಗುತ್ತಿನ ಸೊಸೆ’ ಅಂತಾರೆ.”

“ಅಂದ್ರೆ?”

“ಅಂದ್ರೆ ಎಂತ ಅಂತ ನಿಮ್ಮ ಮೀಸೆಯ ಹತ್ರ ಕೇಳಿ.”

ಕೆಲವು ದಿನಗಳಾದ ಮೇಲೆ ಗುತ್ತಿನಿಂದ ಕರೆ ಬಂತು. ಎಂದಿನಂತೆ ತುಕ್ರಪ್ಪ ಮುಂಡಾಸು ಬಿಚ್ಚಿ ಅಂಗಳದಲ್ಲಿ ನಿಂತನು. ರೈಗಳು ಅವನನ್ನು ನೋಡಿದರು, ನೆತ್ತಿಯನ್ನಲ್ಲ, ಮುಖವನ್ನು.

“ತುಕ್ರಪ್ಪಾ, ಮೇಲೆ ಬಾ.”

“ಇಲ್ಲೇ ಆಗ್ತದೆ ಧಣಿಗಳೇ.”

“ಬಾ ಅಂದ್ರೆ ಬರಬೇಕು. ಜಗಲಿಯಲ್ಲಿ ಕೂತ್ಕೋ.” ಅವನು ಅಂಚಿನಲ್ಲಿ ಅರ್ಧ ಕುಳಿತ ಮೇಲೆ ಅವರು ದನಿ ತಗ್ಗಿಸಿದರು. “ಹಳೆಯದ್ದನ್ನೆಲ್ಲ ಕೆದಕುದು ಬೇಡ. ನಮ್ಮ ಮಾವ ದೊಡ್ಡ ಮನುಷ್ಯ, ತಪ್ಪೂ ದೊಡ್ಡದೇ. ನಿನಗೆ ಇನ್ನು ಅಂಗಳ ಬೇಡ. ದೀಪಾವಳಿ ಪರ್ಬದ ದಿನ ನಿನ್ನ ಎಲೆ ಒಳಗೆ.”

ಅಳಿಯಕಟ್ಟಿನಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ಗಂಡಸಿಗೆ ಹೊರಗೆ ಹುಟ್ಟಿದ ಮಗನಿಗೆ ಮನೆಯಲ್ಲಿ ಯಾವ ಹಕ್ಕೂ ಬರುವುದಿಲ್ಲ. ಆದುದರಿಂದ ರೈಗಳಿಗೆ ಭಯಪಡಲು ಕಾರಣವಿರಲಿಲ್ಲ. ಮನಸ್ಸು ತುಂಬ ಮರುಕವಷ್ಟೇ ಇತ್ತು. ಆ ಮರುಕವೇ ತುಕ್ರಪ್ಪನ ಕುತ್ತಿಗೆಗೆ ಬಿದ್ದಿತು. ಗದರಿದ್ದರೆ ತಿರುಗಿ ಹೇಳಬಹುದಾಗಿತ್ತು. ಪ್ರೀತಿಯಿಂದ ಜಗಲಿಗೆ ಕರೆದವರಿಗೆ ಏನೆಂದು ಹೇಳುವುದು? ಕೆಳಗೆ ಅಂಗಳದಲ್ಲಿ ಉಳಿದ ಒಕ್ಕಲುಗಳು ನಿಂತಿದ್ದರು. ಅವರೆಲ್ಲ ಒಮ್ಮೆ ಅವನನ್ನು ನೋಡಿ ಮತ್ತೆ ತಲೆ ತಗ್ಗಿಸಿದರು.

ಮನೆಗೆ ಬಂದಾಗ ಅಕ್ಕು ಜಗಲಿಯ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

“ಮಗಾ, ನಿನ್ನ ಅಪ್ಪನ ಹೆಸರು ಎಂತ?”

“ಅಮ್ಮಾ, ನೀನು ಹೀಗೆ ಕೇಳಿದ್ರೆ...”

“ಚನಿಯಪ್ಪ. ಅಷ್ಟು ಹೇಳ್ಲಿಕ್ಕೆ ನಿನಗೆ ಬಾಯಿ ಇಲ್ಲವಾ? ಜಗಲಿಯಲ್ಲಿ ಕೂತು ಬಂದಿಯಲ್ಲ, ನನ್ನನ್ನು ಎಲ್ಲಿ ಕೂರ್ಸಿದೆ ಅಂತ ಗೊತ್ತುಂಟಾ?”

ಆಗ ಅವನು ಮಾಸ್ತರರ ಕಿಟಕಿ, ಪರದೆ, ತೆಂಗಿನ ದಿಂಡು ಎಲ್ಲವನ್ನೂ ಹೇಳಿದನು. ಅಕ್ಕು ಕುಟ್ಟುವುದನ್ನು ನಿಲ್ಲಿಸಿದಳು. ಬದುಕಿರುವ ಮಗನ ಮುಖಕ್ಕೆ ಸತ್ತವರ ಮಾಲೆ ಹಾಕಿ, ಸತ್ತವರ ಎಲೆ ಬಡಿಸುತ್ತಾರೆಂಬುದು ಅವಳಿಗೆ ಆಗಲೇ ಹೊಳೆದದ್ದು. ಎರಡು ದಿನ ಅವಳು ಗಂಜಿ ಮುಟ್ಟಲಿಲ್ಲ.

ತುಕ್ರಪ್ಪನಿಗೆ ಯಾವ ಕಡೆಗೆ ತಿರುಗಿದರೂ ಗೋಡೆ. ನಿಜ ಹೇಳಿದರೆ ಮಾಸ್ತರರ ಕೆಲಸ ಹೋಗುತ್ತದೆ. ಹಿರಿಯರೆಂದು ಕೈ ಮುಗಿದದ್ದು ಒಕ್ಕಲಿನ ಮುಖಕ್ಕೆ ಎಂದು ತಿಳಿದ ಧಣಿಗಳು ಅವನನ್ನೂ ಗದ್ದೆಯಿಂದ ಏಳಿಸಬಹುದು. ಹೇಳದಿದ್ದರೆ ತಾಯಿಯ ಹೆಸರು ದಿನದಿನಕ್ಕೆ ಕೊಳೆಯುತ್ತದೆ. ಮೀಸೆ ಒಂದು ಇಲ್ಲದಿದ್ದರೆ ಹೋಲಿಕೆಯೇ ಇರುವುದಿಲ್ಲವೆಂದು ಅವನಿಗೆ ತೋರಿತು. ಊರಿಗೆ ಕ್ಷೌರ ಮಾಡುವ ಭಂಡಾರಿ ಗುರುವಪ್ಪನ ಮುಂದೆ ಹೋಗಿ ಕುಳಿತನು.

“ಮೀಸೆ ತೆಗಿ.”

ಗುರುವಪ್ಪ ಕತ್ತಿ ಮಸೆಯುತ್ತಿದ್ದವನು ಗಾಬರಿಯಿಂದ ಎದ್ದು ನಿಂತನು.

“ಅಯ್ಯೋ, ಅಕ್ಕು ಅಕ್ಕ ಯಾವಾಗ ಹೋದದ್ದು? ನನಗೆ ಯಾರೂ ಹೇಳ್ಲಿಲ್ಲ!”

“ಹೋಗ್ಲಿಲ್ಲ. ಮನೆಯಲ್ಲಿ ಉಂಟು.”

“ಮತ್ತೆ ಎಂತ ಮಾತು ನಿನ್ನದು? ಹೆತ್ತವಳು ಇರುವಾಗ ಮೀಸೆ ತೆಗೀತಾರಾ? ತಲೆ ಸರಿ ಉಂಟಾ? ನಾಳೆ ಅವರಿಗೆ ಒಂದು ತಲೆನೋವು ಬಂದ್ರೂ ಊರಿನವರು ನನ್ನ ಕತ್ತಿ ಮುರೀತಾರೆ. ಏಳು ಮಾರಾಯ, ಏಳು.”

ತಂದೆಯೋ ತಾಯಿಯೋ ತೀರಿದಾಗ ಮಗನು ಕೊಡುವಂತಹದ್ದು ಮೀಸೆ. ಚನಿಯಪ್ಪ ಹೋದಾಗ ತುಕ್ರಪ್ಪನಿಗೆ ಕೊಡಲು ಮೀಸೆಯಿರಲಿಲ್ಲ. ಈಗ ಕೊಟ್ಟರೆ ತಾಯಿಯ ಸಾವನ್ನು ಬೇಡಿದಂತೆ. ತನ್ನ ಮೂಗಿನ ಕೆಳಗೆ ಬೆಳೆದ ಕೂದಲು ಕೂಡ ತನ್ನದಲ್ಲವೆಂದು ತಿಳಿದು ಅವನು ಎದ್ದು ಬಂದನು.

ಮಾಸ್ತರರ ಬಳಿಗೂ ಹೋದನು. ಲೋಕನಾಥರು ಮೊದಲು ಬೇಡಿಕೊಂಡರು, ಮಕ್ಕಳನ್ನು ತೋರಿಸಿದರು. ತುಕ್ರಪ್ಪ ಅವರ ಮನೆಯ ಮೆಟ್ಟಿಲಿನಲ್ಲಿ ಕುಳಿತೇ ಇದ್ದನು. ಕೊನೆಗೆ ಮಾಸ್ತರರು ಅಂಗಿ ಹಾಕಿಕೊಂಡು, “ನಡಿ, ಹೋಗುವ. ಆದದ್ದಾಗ್ಲಿ” ಎಂದರು. ಅವರ ಧೈರ್ಯ ಸಣ್ಣದಲ್ಲ.

ರೈಗಳು ಎಲ್ಲವನ್ನೂ ಕೇಳಿದರು. ಸಿಟ್ಟಾಗಲಿಲ್ಲ. ನಕ್ಕರು.

“ಮಾಸ್ತರೇ, ನೀವು ಸುಳ್ಳು ಹೇಳಿದಿರಿ ಅಂತ ನಿಮಗೆ ಕಾಣ್ತದೆ. ನನಗೆ ಹಾಗೆ ಕಾಣುದಿಲ್ಲ. ಎರಡು ಸಲ ಬರೆದ್ರೂ ನಿಮ್ಮ ಕೈಗೆ ಮುಖ ಬರ್ಲಿಲ್ಲ, ಅಲ್ಲವಾ? ಮೂರನೇ ಸಲ ಇವನನ್ನೇ ನಿಮ್ಮ ಬಾಗಿಲಿಗೆ ಕಳ್ಸಿದ್ದು ಯಾರು? ಇಷ್ಟು ಒಕ್ಕಲು ಉಂಟು, ಇಷ್ಟು ಗಾಡಿಯವರು ಉಂಟು. ಇವನನ್ನೇ ಯಾಕೆ? ದಳವಾಯಿಗೆ ತನ್ನ ರಕ್ತದ ಗುರ್ತ ಸಿಕ್ಕಿತು.”

“ಧಣಿಗಳೇ, ನನ್ನ ಅಪ್ಪ ಚನಿಯಪ್ಪ” ಎಂದು ತುಕ್ರಪ್ಪ ಕೈ ಜೋಡಿಸಿದನು.

“ನೀನು ಹಾಗೇ ಹೇಳ್ಬೇಕು. ಒಳ್ಳೆಯ ಮಗ ಹೇಳುದೇ ಹಾಗೆ” ಎಂದು ರೈಗಳು ಅವನ ಹೆಗಲು ತಟ್ಟಿದರು.

ಮಾಸ್ತರರ ಕೆಲಸ ಉಳಿಯಿತು. ನಿಜವನ್ನು ಹೇಳಿ ಆಯಿತು, ಹೇಳಿದ್ದು ಸುಳ್ಳಿಗೇ ಊರುಗೋಲಾಯಿತು. ಹಿಂದಿರುಗುವಾಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಆಮೇಲಿನ ಎರಡು ವರ್ಷ ತುಕ್ರಪ್ಪ ಹೇಗೆ ಕಳೆದನೆಂದರೆ, ಬಂಟ್ವಾಳದಲ್ಲಿ ಬೋರ್ಡಿರುವ ಬೀದಿಯನ್ನು ಬಿಟ್ಟು ಹೊಳೆಯ ಬದಿಯಿಂದ ಗಾಡಿ ಹೊಡೆದನು. ಮೂಡುಬಿದಿರೆಯಲ್ಲಿ ಬೀಡಿ ಸೇದುವವರ ಎದುರಿಗೆ ನಿಲ್ಲುತ್ತಿರಲಿಲ್ಲ. ಬೇಸಗೆಯ ಬಿಸಿಲಿನಲ್ಲಿಯೂ ಮುಂಡಾಸಿನ ತುದಿಯನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತಿದ್ದನು. “ಹಲ್ಲುನೋವಾ?” ಎಂದು ಕೇಳಿದವರಿಗೆ ಹೌದೆನ್ನುತ್ತಿದ್ದನು. ಪರ್ಬದ ದಿನ ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಳಗೆ, ಚಿತ್ರದ ಓರೆಗೆ, ಅವನ ಎಲೆ. ಎದುರಿನ ಅಗೆಲಿನ ಎಲೆಯಲ್ಲಿ ಏನು ಬಡಿಸಿದ್ದರೋ ಅದನ್ನೇ ಅವನಿಗೂ ಬಡಿಸುತ್ತಿದ್ದರು.

ಐವತ್ತೊಂಬತ್ತರ ಮಳೆಗಾಲದಲ್ಲಿ ಅಕ್ಕು ಕಾಯಿಲೆ ಬಿದ್ದಳು. ಎದ್ದಾಗ ಮೈ ಅರ್ಧವಾಗಿತ್ತು. ದೀಪಾವಳಿ ಹತ್ತಿರವಾದಂತೆ ಅವಳು ಮಗನನ್ನು ಕರೆದಳು.

“ಈ ಸಲ ನಾನೂ ಗುತ್ತಿಗೆ ಬರ್ತೇನೆ.”

“ನಡೀಲಿಕ್ಕೆ ಆಗ್ತದಾ ನಿನಗೆ?”

“ಗಾಡಿಯಲ್ಲಿ ಹಾಕಿ ತೆಕ್ಕೊಂಡು ಹೋಗು. ಉಪ್ಪಿನ ಮೂಟೆಯಷ್ಟು ಭಾರ ಇಲ್ಲ ನಾನು.”

ಪರ್ಬದ ದಿನ ಗುತ್ತಿನ ಅಂಗಳ ತುಂಬಿತ್ತು. ಒಕ್ಕಲುಗಳೆಲ್ಲ ಸೌತೆಕಾಯಿ, ಬಾಳೆಗೊನೆ ಕಾಣಿಕೆ ಹಿಡಿದು ಬಂದಿದ್ದರು. ಗುರುವಪ್ಪ ಭಂಡಾರಿಯೂ ತನ್ನ ವರ್ಷದ ಅಕ್ಕಿಗಾಗಿ ಬಂದು ಮೂಲೆಯಲ್ಲಿ ನಿಂತಿದ್ದನು. ಅಕ್ಕು ಅಂಗಳಕ್ಕೆ ಹತ್ತಲಿಲ್ಲ; ಮೆಟ್ಟಿಲ ಕೆಳಗೆ, ಗದ್ದೆಯ ಬದುವಾದ ಹುಣಿಯ ಮೇಲೆ ಕುಳಿತು ಅವನನ್ನು ಕರೆದಳು.

“ಗುರುವಪ್ಪಾ, ಕತ್ತಿ ತಂದಿದ್ದೀಯಾ?”

“ಕತ್ತಿ ಇಲ್ಲದೆ ಭಂಡಾರಿ ಎಲ್ಲಿಗೆ ಹೋಗ್ತಾನೆ ಅಕ್ಕಾ?”

“ಇವನ ಮೀಸೆ ತೆಗಿ.”

ಗುರುವಪ್ಪನ ಬಾಯಿ ತೆರೆದುಕೊಂಡಿತು. “ಪರ್ಬದ ದಿನ ಎಂತದಿದು! ನೀವು ಇದ್ದೀರಲ್ಲ!”

“ಇರುವುದರಿಂದಲೇ ಹೇಳುದು. ಸತ್ತ ಮೇಲೆ ಹೇಳ್ಲಿಕ್ಕೆ ಆಗ್ತದಾ? ನನ್ನ ಸಾವಿಗೆ ಕೊಡ್ಬೇಕಾದ ಮೀಸೆ. ನಾನು ಈಗಲೇ ಕೇಳ್ತೇನೆ. ನನ್ನದನ್ನು ನಾನು ಕೇಳಿದ್ರೆ ನಿನಗೆಂತ?”

“ಅಮ್ಮಾ, ಬೇಡ” ಎಂದನು ತುಕ್ರಪ್ಪ. ಅವನ ಕಣ್ಣಲ್ಲಿ ನೀರಿತ್ತು. ಎರಡು ವರ್ಷದಿಂದ ಬೇಕು ಬೇಕು ಎಂದದ್ದು ಈಗ ಎದುರಿಗೆ ಬಂದಾಗ ಅವನಿಗೆ ಬೇಡವಾಯಿತು. “ನೀನು ಇರು. ಇದು ಹೀಗೇ ಇರ್ಲಿ.”

“ಕೂತ್ಕೋ. ಅದರ ಅಡಿಯಲ್ಲಿ ಎಂತ ಉಂಟು ಅಂತ ನಿನಗೇ ಗೊತ್ತಿಲ್ಲ. ನನಗೆ ಗೊತ್ತುಂಟು.”

ಅವನು ಹುಣಿಯ ಮೇಲೆ ಕುಳಿತನು. ಗುರುವಪ್ಪ ಬಂದು ಅವನೆದುರು ಕುಕ್ಕರಿಸಿದನು. ಗದ್ದೆಯ ನೀರಿನಲ್ಲಿ ಕತ್ತಿಯನ್ನು ಅದ್ದಿ ಅದ್ದಿ ತೆಗೆದನು. ಮೇಲೆ ಅಂಗಳದ ಅಂಚಿಗೆ ಒಬ್ಬೊಬ್ಬರಾಗಿ ಬಂದು ನಿಂತರು. ಯಾರೋ ಹೋಗಿ ಧಣಿಗಳಿಗೆ ಹೇಳಿದರು, ಅವರೂ ಬಂದರು.

ಕೂದಲು ಹುಣಿಯ ಮೇಲೆ ಬಿತ್ತು. ತುಕ್ರಪ್ಪ ಮುಖವೆತ್ತಿದಾಗ ಮೊದಲು ಕಂಡದ್ದು ಅವನ ಮೇಲ್ತುಟಿ. ನಡುವೆ ಗಿಡ್ಡವಾಗಿ ಮೇಲಕ್ಕೆ ಎದ್ದ ತುಟಿ. ಬಾಯಿ ಮುಚ್ಚಿದರೂ ಎದುರಿನ ಎರಡು ಹಲ್ಲುಗಳು ಮುಚ್ಚುತ್ತಿರಲಿಲ್ಲ. ಅಳುತ್ತಿರುವ ಮನುಷ್ಯ ಈಗ ನಗಲಿದ್ದಾನೆ ಎನ್ನುವ ಹಾಗಿತ್ತು ಆ ಮುಖ.

ಅಂಗಳದ ಅಂಚಿನಲ್ಲಿದ್ದ ಮುದುಕ ನೋಣಯ್ಯನ ಕೈಯಿಂದ ಸೌತೆಕಾಯಿ ಜಾರಿತು.

“ಓ ದೇವರೇ! ಚನಿಯಪ್ಪ!”

“ಚನಿಯಪ್ಪನೇ! ಸತ್ತವರ ಬೊಜ್ಜದಲ್ಲಿಯೂ ಕೂತು ನಗ್ತಾ ಇದ್ದವನು!” ಎಂದಳು ಇನ್ನೊಬ್ಬಳು ಮುದುಕಿ.

“ನಗ್ತಾ ಇದ್ದದ್ದಲ್ಲ ಮಾರಾಯ್ತಿ, ಅವನ ಬಾಯಿಯೇ ಹಾಗೆ. ಅದಕ್ಕೆ ಪೆಟ್ಟು ಕೂಡ ತಿಂದಿದ್ದಾನೆ, ಇದೇ ಅಂಗಳದಲ್ಲಿ” ಎಂದನು ನೋಣಯ್ಯ.

ಶೀನಪ್ಪ ರೈಗಳ ಮುಖ ಸಪ್ಪೆಯಾಯಿತು. ಅವರಿಗೂ ನೆನಪಾಗಿತ್ತು. ಸಣ್ಣವರಿದ್ದಾಗ ಇದೇ ಜಗಲಿಯಿಂದ ಅವರು ನೋಡಿದ್ದರು: ‘ನನ್ನೆದುರಿಗೆ ನಗ್ತೀಯಾ’ ಎಂದು ಮಾವ ಒಬ್ಬ ಒಕ್ಕಲಿನ ಕೆನ್ನೆಗೆ ಹೊಡೆದದ್ದು, ಹೊಡೆಸಿಕೊಂಡ ಮೇಲೂ ಆ ಮುಖ ನಗುತ್ತಲೇ ಇದ್ದದ್ದು. ಅವರು ತಿರುಗಿ ಒಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ಚಾವಡಿಯಲ್ಲಿ ಅಗೆಲು ಸುರುವಾಯಿತು. ಚಿತ್ರದ ಮುಂದೆ ದೊಡ್ಡ ಎಲೆ ಎಂದಿನಂತೆ ಬಿತ್ತು. ಅದನ್ನು ಬದಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಓರೆಯಲ್ಲಿ ಹಾಕಿದ್ದ ಇನ್ನೊಂದು ಎಲೆಯನ್ನು ಆಳೊಬ್ಬ ಸದ್ದಿಲ್ಲದೆ ಮಡಚಿ ತೆಗೆದನು. ತುಕ್ರಪ್ಪನನ್ನು ಯಾರೂ ಒಳಗೆ ಕರೆಯಲಿಲ್ಲ. ಅವನು ಮುಂಡಾಸು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ನೋಣಯ್ಯನ ಪಕ್ಕದಲ್ಲಿ ಅಂಗಳದಲ್ಲಿ ನಿಂತನು. ಕೆಳಗೆ ಹುಣಿಯ ಮೇಲಿಂದ ಅಕ್ಕು ಅದನ್ನು ಕಣ್ತುಂಬ ನೋಡಿದಳು. “ಇನ್ನು ಗಂಜಿ ಇಳಿದೀತು” ಎಂದು ಲೋಲಾಕ್ಷಿಯೊಡನೆ ಹೇಳಿದಳಂತೆ.

ಊರು ಹೆದರಿದಂತೆ ಅವಳು ಸಾಯಲಿಲ್ಲ. ಮತ್ತೆ ಏಳು ವರ್ಷ ಬದುಕಿದಳು. ಬಾವಿಕಟ್ಟೆಯ ಮಾತು ನಿಂತಿತು. ಆದರೆ ತುಕ್ರಪ್ಪ ಗುರುವಪ್ಪನ ಕೈಗೆ ಸಿಕ್ಕಿಬಿದ್ದನು. ಬೇರೆಯವರು ಹಬ್ಬಕ್ಕೊಮ್ಮೆ ಕ್ಷೌರ ಮಾಡಿಸಿಕೊಂಡರೆ ಅವನು ನಾಲ್ಕು ದಿನಕ್ಕೊಮ್ಮೆ ತುಟಿಯನ್ನು ಒಡ್ಡಬೇಕು. ನಾಲ್ಕು ದಿನ ತಪ್ಪಿದರೆ ದಳವಾಯಿ ಹೊರಗೆ ಬರಲು ನೋಡುತ್ತಿದ್ದನು. ಮಳೆಗೆ ದಾರಿ ಕಟ್ಟಿದಾಗ, ಎತ್ತಿಗೆ ಕಾಯಿಲೆಯಾದಾಗ, ಪರವೂರಿನಲ್ಲಿ ಗಾಡಿ ಮುರಿದು ಕೂತಾಗ ಕೂಡ ಅವನ ಚಿಂತೆ ಮೊದಲು ತುಟಿಯದ್ದು. ಭವನದ ಚಿತ್ರ, ತಗಡಿನ ಬೋರ್ಡು, ಬೀಡಿಯ ಲೇಬಲು ಇದ್ದಲ್ಲಿಯೇ ಇದ್ದವು.

ಅರವತ್ತಾರರಲ್ಲಿ ಅಕ್ಕು ತೀರಿಕೊಂಡಳು. ವರ್ಷ ಕಳೆದ ಮೇಲೆ ಲೋಲಾಕ್ಷಿ ಒಂದು ದಿನ ಗಾಡಿಗೆ ಬುತ್ತಿ ಇಡುತ್ತ ಹೇಳಿದಳು.

“ಇನ್ನು ಬಿಡಬಹುದಲ್ಲ ಮೀಸೆ? ಅತ್ತೆ ಹೋಗಿ ಆಯ್ತು. ಮಾತಾಡುವವರು ಅರ್ಧ ಜನ ಅವರ ಹಿಂದೆಯೇ ಹೋಗಿ ಆಯ್ತು. ನಿಮ್ಮ ಮುಖ ನನಗೂ ಒಮ್ಮೆ ನೋಡ್ಬೇಕು.”

ಅವನಿಗೂ ಆಸೆಯಾಯಿತು. ಆ ಸಲ ಬಂಟ್ವಾಳಕ್ಕೆ ಹೋಗಿ, ಅಲ್ಲಿಂದ ಮೂಡುಬಿದಿರೆಗೆ ಸರಕು ಹೇರಿ, ಒಂದು ವಾರ ಕತ್ತಿ ಮುಟ್ಟಿಸಲಿಲ್ಲ. ಗಾಡಿಯ ಮೇಲೆ ಕುಳಿತು ಬೆರಳಿನಿಂದ ತುಟಿಯನ್ನು ಸವರಿಕೊಳ್ಳುತ್ತ ಹೋದನು. ಕೂದಲು ಮೃದುವಾಗಿ ಬೆಳೆಯುತ್ತಿತ್ತು, ಅರ್ಧಕ್ಕರ್ಧ ಬಿಳಿ.

ಮೂಡುಬಿದಿರೆಯಲ್ಲಿ ಮೂಟೆ ಇಳಿಸಿ, ಹೊಸದಾಗಿ ತೆರೆದ ಅಂಗಡಿಯೊಂದರಲ್ಲಿ ಬೆಂಕಿಪೆಟ್ಟಿಗೆ ಕೇಳಿದನು. ಅಂಗಡಿಯವನು ಅವನ ಗುರುತಿನವನಲ್ಲ. ಬೆಂಕಿಪೆಟ್ಟಿಗೆ ಕೊಡಲು ಎತ್ತಿದ ಕೈ ಅಲ್ಲಿಯೇ ನಿಂತಿತು. ಅವನು ತುಕ್ರಪ್ಪನನ್ನು ನೋಡಿದನು. ತಿರುಗಿ ಕಪಾಟಿನಲ್ಲಿ ಸಾಲಾಗಿಟ್ಟ ಬೀಡಿಯ ಕಟ್ಟುಗಳನ್ನು ನೋಡಿದನು. ಮತ್ತೆ ತುಕ್ರಪ್ಪನನ್ನು ನೋಡಿದನು.

“ಹೋಯ್, ನೀವು ಬೆಳ್ತಂಗಡಿ ಕಡೆಯವರಾ? ನಿಮ್ಮ ಅಮ್ಮ ಎಲ್ಲಿಯವರು?”

ತುಕ್ರಪ್ಪ ಬೆಂಕಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬೀದಿಗೆ ಇಳಿದನು. ಎತ್ತುಗಳನ್ನು ಕಟ್ಟಿಹಾಕಿದ್ದ ಮರದ ಕೆಳಗೆ ಹಾದುಹೋಗುತ್ತಿದ್ದವನೊಬ್ಬನನ್ನು ತಡೆದು, ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಇಲ್ಲಿ ಕ್ಷೌರದಂಗಡಿ ಎಲ್ಲುಂಟೆಂದು ಕೇಳಿದನು.